ಆಕ್ಷೇಪಣೆಗಳ ಸಮೇತ ಅಚ್ಚಾದ ಪುಸ್ತಕ

ರೆನೆ ಡೆಕಾರ್ಟ್ ಅಂದರೆ ಬಹಳ ಜನರಿಗೆ ಗೊತ್ತಿರುವುದು ಯೋಚನೆ ಮತ್ತು ಇರುವಿಕೆ ಬಗ್ಗೆ ಆತ ಹೇಳಿದ ಒಂದೇ ಒಂದು ಸಾಲು. ಸುದ್ದಿ ಬರೆಯುವ ನಮಗೆ ಹೆಚ್ಚು ಹಿಡಿಸಿದ್ದು ಆ ಸಾಲಲ್ಲ, ಆತ ತನ್ನ ಪುಸ್ತಕ ಅಚ್ಚು ಹಾಕಿಸಿದ ರೀತಿ.

ಆಗಿನ ಕಾಲ ನೋಡಿ. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದು ವಾದಿಸಿದ್ದಕ್ಕೆ 1633ರಲ್ಲಿ ಗೆಲಿಲಿಯೋಗೆ ರೋಮ್‌ನಲ್ಲಿ ಶಿಕ್ಷೆಯಾಯಿತು. ಹಾಲೆಂಡಿನಲ್ಲಿದ್ದ ಡೆಕಾರ್ಟ್, ಅದೇ ವಾದವಿದ್ದ ತನ್ನ ಹಸ್ತಪ್ರತಿಯನ್ನು ಅಚ್ಚಿಗೆ ಕೊಡದೆ ಒಳಗಿಟ್ಟ. ಸೂರ್ಯ ಹುಟ್ಟಿ ಮುಳುಗುವುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಅದೇ ಸುಳ್ಳಾದರೆ ಇನ್ನು ಯಾವುದನ್ನು ನಂಬುವುದು?

1641ರಲ್ಲಿ ಪ್ಯಾರಿಸ್‌ನಲ್ಲಿ ಬಂದ 'ಮೆಡಿಟೇಷನ್ಸ್' ಈ ಪ್ರಶ್ನೆಯನ್ನು ತುದಿಯವರೆಗೂ ಎಳೆಯುತ್ತದೆ. ಕಣ್ಣು ಮೋಸ ಮಾಡುತ್ತದೆ, ಬಿಡಿ. ಬೆಂಕಿ ಮುಂದೆ ಕೂತಿದ್ದೇನೆ ಅನ್ನುವುದೂ ಕನಸಿರಬಹುದು. ಕನಸಲ್ಲೂ ಎರಡು, ಮೂರು ಸೇರಿದರೆ ಐದೇ ತಾನೇ? ಹಾಗಂತ ನಂಬಿಸುತ್ತಿರುವ ಮಹಾ ವಂಚಕ ಒಬ್ಬನಿದ್ದರೆ? ಅಷ್ಟು ದೂರ ಹೋದ ಮೇಲೂ ಒಂದು ಉಳಿಯುತ್ತದೆ: ಮೋಸ ಹೋಗುವುದಕ್ಕಾದರೂ ನಾನು ಇರಬೇಕು.

ಅಲ್ಲಿಂದ ಮತ್ತೆ ಕಟ್ಟುತ್ತಾನೆ. ದೇವರಿದ್ದಾನೆ, ಅವನು ವಂಚಕನಲ್ಲ, ಆದ್ದರಿಂದ ಬುದ್ಧಿಗೆ ನಿಚ್ಚಳವಾಗಿ ಕಾಣುವುದು ನಿಜ. (ಕೆಡವಿದಷ್ಟು ಚೆನ್ನಾಗಿ ಕಟ್ಟಿಲ್ಲ ಅನ್ನುವುದು ನಮ್ಮ ಅನಿಸಿಕೆ.)

ಆದರೆ ಅಚ್ಚಿಗೆ ಮೊದಲೇ ಆತ ಹಸ್ತಪ್ರತಿಯನ್ನು ಮರ್ಸೆನ್ ಎಂಬ ಪಾದ್ರಿ ಗೆಳೆಯನ ಮೂಲಕ ಹಲವರಿಗೆ ಕಳಿಸಿ ಆಕ್ಷೇಪಣೆ ಕೇಳಿದ್ದ. ಇಂಗ್ಲೆಂಡಿನ ಹಾಬ್ಸ್ ಬರೆದ. ಗಸ್ಸೆಂಡಿ ಬರೆಯುತ್ತಾ ಡೆಕಾರ್ಟ್‌ನನ್ನು 'ಮನಸ್ಸೇ' ಎಂದು ಕರೆದು ಅಣಕಿಸಿದ. ಈತ 'ಮಾಂಸವೇ' ಎಂದು ತಿರುಗಿಸಿ ಕೊಟ್ಟ! ಸರಿಯಾದ ಪೆಟ್ಟು ಕೊಟ್ಟವನು ಇನ್ನೂ 30 ತುಂಬದ ಆಂಟ್ವಾನ್ ಆರ್ನೋ. ನಿಚ್ಚಳವಾಗಿ ಕಂಡದ್ದು ನಿಜ ಎನ್ನಲು ದೇವರ ಖಾತರಿ ಬೇಕು, ದೇವರಿದ್ದಾನೆ ಎನ್ನಲು ಅದು ನಿಚ್ಚಳವಾಗಿ ಕಾಣುತ್ತದೆ ಅನ್ನುತ್ತೀರಿ, ಇದು ಸುತ್ತಿ ಬಂದಂತಾಗಲಿಲ್ಲವೇ ಎಂಬುದು ಅವನ ತಕರಾರು. ಒಬ್ಬರನ್ನೊಬ್ಬರು ತೋರಿಸುವ ಇಬ್ಬರು ಸಾಕ್ಷಿಗಳಿದ್ದ ಹಾಗೆ. ಎದುರಿಗೆ ಕಾಣುತ್ತಿರುವಾಗ ಖಾತರಿ ಬೇಡ, ಹಿಂದೆ ಕಂಡದ್ದನ್ನು ನೆನಪಿನಿಂದ ಹೇಳುವಾಗ ಬೇಕು ಎಂದು ಡೆಕಾರ್ಟ್ ಉತ್ತರಿಸಿದ. ಇದು ಸಾಕೇ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಆ ಆರೂ ಆಕ್ಷೇಪಣೆಗಳು, ಅವಕ್ಕೆ ಉತ್ತರಗಳು ಅದೇ ಪುಸ್ತಕದಲ್ಲಿ ಅಚ್ಚಾದವು. ಮೂಲ ಬರಹಕ್ಕಿಂತ ಅವೇ ಹೆಚ್ಚು ಪುಟ. ನಮ್ಮ ಪತ್ರಿಕೆಗಳ ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಎಷ್ಟು ಸಣ್ಣಕ್ಷರದಲ್ಲಿ ಬರುತ್ತದೆ ಅನ್ನುವುದು ನಿಮಗೂ ಗೊತ್ತು. ಮರುವರ್ಷ ಆಮ್ಸ್ಟರ್‌ಡ್ಯಾಮ್‌ನಲ್ಲಿ ಎರಡನೇ ಮುದ್ರಣ ಬಂದಾಗ ಬೂರ್ಡ್ಯಾನ್ ಎಂಬ ಜೆಸ್ಯುಯಿಟ್ ಪಾದ್ರಿಯ ಏಳನೇ ಆಕ್ಷೇಪಣೆಯೂ ಸೇರಿತು. ಅವನ ಮೇಲೆ ಡೆಕಾರ್ಟ್‌ಗೆ ವಿಪರೀತ ಸಿಟ್ಟಿತ್ತು. ಆದರೂ ಹಾಕಿಸಿದ.