ಬುದ್ಧಿಪರೀಕ್ಷೆಯ ಅಳತೆಗೋಲು: ಕನ್ನಡ ನಾಡಿನ ಒಂದು ಪ್ರಕರಣ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕಶಾಸನದಲ್ಲಿ ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯುಂಟು. ಆಚಾರ್ಯನು ಅಂತೇವಾಸಿಯನ್ನು ಅಳೆಯುವ ಮಾತಿಲ್ಲ. ಇಂದು ಆ ಬೆಟ್ಟದ ಸುತ್ತಲಿನ ಶಾಲೆಗಳಲ್ಲಿಯೂ ಮಗುವಿನ ಮುಂದಿನ ದಾರಿಯನ್ನು ಅಂಕಗಳೇ ನಿರ್ಧರಿಸುತ್ತವೆ. ಆದುದರಿಂದ ಅಳೆಯುವ ಕೋಲು ಸಪ್ರಮಾಣವಾದುದೇ ಎಂಬ ಪ್ರಶ್ನೆ ಅನಿವಾರ್ಯ.

ಇದಕ್ಕೆ ಗಣಿತದ ದಾರಿಯನ್ನು ತೋರಿದವನು ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್. 1904ರ ಅವನ ಪ್ರಬಂಧಕ್ಕೆ ಸಾಮಗ್ರಿಯನ್ನು ಒದಗಿಸಿದವರಲ್ಲಿ ಒಂದು ಹಳ್ಳಿಶಾಲೆಯ ಮಕ್ಕಳೂ ಇದ್ದರು. ಭಿನ್ನ ಪರೀಕ್ಷೆಗಳ ಅಂಕಗಳು ಒಟ್ಟಿಗೆ ಏರಿಳಿಯುವುದನ್ನು ಕಂಡು, ಅವುಗಳ ಹಿಂದೆ ಒಂದು ಸಾಮಾನ್ಯ ಘಟಕವಿದೆಯೆಂದು ಅವನು ಊಹಿಸಿದನು. ಘಟಕ ವಿಶ್ಲೇಷಣೆಯ ಮೂಲ ಇದೇ. 1930ರ ದಶಕದಲ್ಲಿ ಅಮೆರಿಕದ ಥರ್ಸ್ಟನ್ನನು ಘಟಕ ಒಂದಲ್ಲ, ಹಲವು ಎಂದು ವಾದಿಸಿದನು.

ಸ್ಪಿಯರ್‌ಮನ್ನನ ಶಿಷ್ಯರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1924ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. (1935ರ ಆಕಾಶವಾಣಿಯ ಕೀರ್ತಿಯಲ್ಲಿ ಈ ಸಂಗತಿ ಮರೆಯಾಗಿದೆ.) ಅದೇ ದಶಕದಲ್ಲಿ ವಿ. ವಿ. ಕಾಮತರು ಬಿನೆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರ ಗ್ರಂಥ 1940ರಲ್ಲಿ ಹೊರಬಂದಿತು. ಬಿನೆ ಮಾದರಿಯಲ್ಲಿ ಪ್ರಶ್ನೆಯ ಸ್ಥಾನ ನಿರ್ಧಾರವಾಗುವುದು ಇಂಥ ವಯಸ್ಸಿನ ಎಷ್ಟು ಮಕ್ಕಳು ಉತ್ತರಿಸಿದರೆಂಬುದರಿಂದ. ಇದರಿಂದ ಪ್ರಶ್ನೆಯ ಕಾಠಿಣ್ಯ ತಿಳಿಯುವುದೇ ಹೊರತು, ಅದು ಯಾವ ಶಕ್ತಿಯನ್ನು ಅಳೆಯುವುದೆಂಬುದು ತಿಳಿಯದು.

ಒಂದು ಗಣಿತ ಪತ್ರಿಕೆಯಲ್ಲಿ 20 ಲೆಕ್ಕಗಳಿದ್ದು, 8 ದೀರ್ಘ ವಾಕ್ಯಗಳಲ್ಲಿವೆಯೆಂದು ಭಾವಿಸೋಣ. ಆ 8ರ ಅಂಕಗಳು ಉಳಿದ 12ರೊಡನೆ ಹೊಂದದೆ ವಾಚನ ಪರೀಕ್ಷೆಯ ಅಂಕಗಳೊಡನೆ ಹೊಂದಿದರೆ, ಅಲ್ಲಿ ಅಳೆದುದು ಬಹುಮಟ್ಟಿಗೆ ಭಾಷೆಯನ್ನೇ. ಮನೆಯಲ್ಲಿ ತೆಲುಗನ್ನಾಡುವ, ಮಗ್ಗದ ಎಳೆಗಳನ್ನು ತಪ್ಪದೆ ಎಣಿಸಬಲ್ಲ ಮೊಳಕಾಲ್ಮುರಿನ ನೇಕಾರರ ಮಗು ಲೆಕ್ಕದಲ್ಲಿ ದಡ್ಡನೆನಿಸುವುದು ಹೀಗೆಯೇ. ಈ ಅನ್ಯಾಯವನ್ನು ಒಟ್ಟು ಅಂಕ ಮರೆಮಾಚುತ್ತದೆ; ಸಹಸಂಬಂಧಗಳ ಕೋಷ್ಟಕ ಬಯಲಿಗೆಳೆಯುತ್ತದೆ.

ಆದರೆ ಘಟಕಕ್ಕೆ ಹೆಸರಿಡುವುದು ಗಣಿತವಲ್ಲ, ಸಂಶೋಧಕನು. ಇತಿಹಾಸದ ವಿದ್ಯಾರ್ಥಿಗೆ ಇದು ಹೊಸದೇನಲ್ಲ. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ವೀಲರನು ಮಡಕೆಚೂರುಗಳನ್ನು ಅವುಗಳ ಒಡನಾಡಿ ವಸ್ತುಗಳಿಂದ ವರ್ಗೀಕರಿಸಿ, ಅರಿಕಮೇಡಿನ ಆಧಾರದಿಂದ ಕಾಲವನ್ನು ಗೊತ್ತುಪಡಿಸಿದನು. ಸ್ತರಗಳ ಕ್ರಮ ಉಳಿಯಿತು. ಆದರೆ ಶಿಲಾಯುಗದ ನೆಲೆಗೆ ಅವನು ಕೊಟ್ಟ ಕ್ರಿ. ಪೂ. 1000ದ ಆಸುಪಾಸಿನ ಆರಂಭಕಾಲವನ್ನು, ದಕ್ಷಿಣದ ಇತರ ನವಶಿಲಾಯುಗದ ನೆಲೆಗಳ ರೇಡಿಯೋ ಕಾರ್ಬನ್ ಪರೀಕ್ಷೆಗಳು ಬಂದ ಮೇಲೆ, ಬಹಳ ಹಿಂದಕ್ಕೆ ಸರಿಸಬೇಕಾಯಿತು.