ಹತ್ತಿಯ ಹಣ, ಕಾಗದದ ಒತ್ತೆ

1861ರಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿಯ ಬರ ಬಂದಾಗ, ಧಾರವಾಡ ಸೀಮೆಯ ಅರಳೆಯೂ ಸೇರಿದಂತೆ ಪಶ್ಚಿಮ ಭಾರತದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದು, ಮುಂಬಯಿಗೆ ಹರಿದ ಹಣ ಹೊಸ ಕಂಪನಿಗಳ ಷೇರುಗಳ ಬೆನ್ನುಹತ್ತಿತು. ಸಮುದ್ರ ತುಂಬಿಸಲು ಹುಟ್ಟಿದ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತಿತ್ತು. ಅದು ಮಾರಬೇಕಿದ್ದ ನೆಲವಾದರೋ ಇನ್ನೂ ಅಲೆಗಳಡಿಯಲ್ಲಿತ್ತು. ಷೇರುಗಳ ಮೇಲೆ ಸಾಲ ಕೊಡುವುದಕ್ಕಿದ್ದ ಹಳೆಯ ಕಟ್ಟುಪಾಡನ್ನು 1863ರ ಕಾಯಿದೆ ಸಡಿಲಿಸಿದ ಮೇಲೆ ಬ್ಯಾಂಕ್ ಆಫ್ ಬಾಂಬೆ ಇಂಥ ಷೇರುಗಳನ್ನೇ ಒತ್ತೆಯಿಟ್ಟುಕೊಂಡು ಸಾಲ ಕೊಡತೊಡಗಿತು. ದಲ್ಲಾಳಿ ಪ್ರೇಮಚಂದ ರಾಯಚಂದರ ಮಾತಿಗೆ ಅಲ್ಲಿ ಅತಿಯಾದ ತೂಕವಿತ್ತು. ಬೆಲೆ ಏರಿದಷ್ಟೂ ಒತ್ತೆಯ ಮೌಲ್ಯ ಏರಿ, ಅದರ ಮೇಲೆ ಹುಟ್ಟಿದ ಹೊಸ ಸಾಲ ಮತ್ತೆ ಷೇರಿಗೇ ಹೋಗುತ್ತಿದ್ದುದರಿಂದ, ಸಾಲಗಾರನ ಸಾಮರ್ಥ್ಯವನ್ನು ಪ್ರತ್ಯೇಕವಾಗಿ ಅಳೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. 1865ರ ಏಪ್ರಿಲ್‌ನಲ್ಲಿ ಯುದ್ಧ ಮುಗಿಯುತ್ತ ಬಂದಂತೆ ಹತ್ತಿಯ ಬೆಲೆ ಕುಸಿಯಿತು; ಅದರ ಹಿಂದೆಯೇ ಷೇರುಗಳ ಬೆಲೆಯೂ ಕುಸಿಯಿತು. ಜುಲೈ 1 ವಾಯಿದೆ ವ್ಯವಹಾರಗಳ, ಎಂದರೆ ಇಂದು ಒಪ್ಪಿ ಮುಂದೊಂದು ದಿನ ಹಣ ಚುಕ್ತಾ ಮಾಡುವ ಕರಾರುಗಳ, ಗಡುವು. ಅಂದು ಒಬ್ಬನ ಬಾಕಿ, ಅವನ ಹಣವನ್ನೇ ನಂಬಿದ್ದ ಮತ್ತೊಬ್ಬನನ್ನು ಮುಳುಗಿಸುತ್ತ ಹೋಯಿತು. ಕಾಗದವಷ್ಟೇ ಉಳಿದ ಬ್ಯಾಂಕು 1868ರಲ್ಲಿ ಮುಚ್ಚಿತು.