ಅಪೂರ್ಣ ಒಬೆಲಿಸ್ಕ್, ಅಸ್ವಾನ್

ದಕ್ಷಿಣ ಈಜಿಪ್ಟಿನ ಅಸ್ವಾನ್‌ನ ಪ್ರಾಚೀನ ಗ್ರಾನೈಟ್ ಗಣಿಯಲ್ಲಿ ತಾಯಿಬಂಡೆಗೆ ಅಂಟಿಕೊಂಡೇ ಮಲಗಿರುವ ಏಕಶಿಲಾ ಸ್ತಂಭ. ಉದ್ದ ಸುಮಾರು 42 ಮೀಟರ್. ಪೂರ್ಣಗೊಂಡಿದ್ದರೆ ತೂಕ ಸಾವಿರ ಟನ್ ಮೀರುತ್ತಿತ್ತು. ಸಾಮಾನ್ಯವಾಗಿ ಇದನ್ನು ಕ್ರಿ.ಪೂ. 15ನೆಯ ಶತಮಾನದ ರಾಣಿ ಹಟ್ಶೆಪ್ಸುಟ್ ಕಾಲದ್ದೆನ್ನುತ್ತಾರೆ. ಕಲ್ಲು ಬಿರುಕುಬಿಟ್ಟದ್ದರಿಂದ ಕೆಲಸ ಅರ್ಧಕ್ಕೇ ನಿಂತಿತು. ಆ ಸೋಲೇ ಇಂದಿನವರಿಗೆ ಲಾಭ: ಎದ್ದುನಿಂತ ಸ್ತಂಭಗಳು ಬಿಟ್ಟುಕೊಡದ ಕಸುಬಿನ ಗುಟ್ಟು ಇಲ್ಲಿ ಬಯಲಾಗಿದೆ. ಸುತ್ತಲ ಕಂದಕದಲ್ಲಿ ಸಾಲುಸಾಲಾಗಿ ತಗ್ಗುಗಳಿವೆ. ಡಾಲರೈಟ್ ಕಲ್ಲಿನ ಗುಂಡುಗಳಿಂದ ಗ್ರಾನೈಟನ್ನು ಜಜ್ಜಿ ಪುಡಿಮಾಡಿದ ಗುರುತು ಅವು. 1922ರಲ್ಲಿ ಇದರ ಅಧ್ಯಯನ ಪ್ರಕಟಿಸಿದ ರೆಜಿನಾಲ್ಡ್ ಎಂಗಲ್‌ಬ್ಯಾಕ್ ಇಂಥ ಗುಂಡನ್ನು ಪ್ರಯೋಗಿಸಿಯೂ ನೋಡಿದ್ದರು. ಗಂಟೆಯ ದುಡಿಮೆಗೆ ಸವೆದದ್ದು ಕೆಲವೇ ಮಿಲಿಮೀಟರ್. ಇಷ್ಟು ಭಾರವನ್ನು ನೈಲ್ ದಡಕ್ಕೆ ಸಾಗಿಸುವ ಉಪಾಯವೇನಿತ್ತೆಂಬುದಕ್ಕೆ ಮಾತ್ರ ಒಮ್ಮತದ ಉತ್ತರವಿಲ್ಲ. ಈಗ ನಿಂತಿರುವ ಪ್ರಾಚೀನ ಒಬೆಲಿಸ್ಕ್‌ಗಳಲ್ಲಿ ಅತಿ ಎತ್ತರದ್ದು ರೋಮ್‌ನ ಲ್ಯಾಟರನ್‌ನಲ್ಲಿದೆ: ಸುಮಾರು 32 ಮೀಟರ್.